ಚಿಟ್ಟೆಯ ಮುಂದೆ ಸೊಪ್ಪು

ಗುಂಡ್ಲುಪೇಟೆಯ ಅಕ್ಕನ ಮನೆಗೆಂದು ಚಾಮರಾಜನಗರದಲ್ಲಿ ಬಸ್ಸು ಹತ್ತಿದ್ದೆ. ಯಾರೋ ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ಇಟ್ಟರು. ಆ ಹಸಿ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ, ನಮ್ಮ ಅವ್ವನ ಸೆರಗಿನ ವಾಸನೆ ಅದು ಎಂದಷ್ಟೇ ಹೇಳಬಲ್ಲೆ. ಅವ್ವ ಹೋಗಿ ಇನ್ನೂ ತಿಂಗಳಾಗಿಲ್ಲ. ಕೊನೆಕೊನೆಗೆ ಅವಳು ಏನೂ ತಿನ್ನಲಿಲ್ಲ. ಇನ್ನಷ್ಟು ಒತ್ತಾಯ ಮಾಡಬೇಕಿತ್ತೇನೋ ಎಂಬ ಯೋಚನೆಯಲ್ಲಿ ಅಂದಿನಿಂದ ನನಗೂ ತುತ್ತು ಇಳಿಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಉಡಿಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಹುಳಗಳಿಗೆ ಕೋಣೆ, ನಮಗೆ ಜಗಲಿ. ಗಸಗಸೆಯಂಥ ಮೊಟ್ಟೆ ಒಡೆದು ಇರುವೆಯಂಥ ಮರಿ ಬರುತ್ತಿತ್ತು. ಮೇಯುವುದು, ಮೇವು ಬಿಟ್ಟು ‘ಜ್ವರಕ್ಕೆ’ ಕೂತು ಪೊರೆ ಬಿಡುವುದು, ಎದ್ದು ಮತ್ತೆ ಮೇಯುವುದು. ಮೇದು ಹಣ್ಣಾದ ಹುಳವನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಟ್ಟರೆ ಗೂಡು ಕಟ್ಟುತ್ತಿತ್ತು. ಚಿಟ್ಟೆ ಹೊರಬಂದರೆ ನೂಲು ಕೆಡುತ್ತದೆಂದು ಗೂಡನ್ನು ಮೊದಲೇ ಮಾರಿಬಿಡುತ್ತಿದ್ದೆವು. ಹಾಗಾಗಿ ಹುಳದ ಕಥೆ ಗೂಡಿಗೇ ಮುಗಿಯಿತೆಂದು ನಂಬಿದ್ದ ಬುದ್ಧಿವಂತ ನಾನು.

ಒಂದು ಬೆಳೆಯಲ್ಲಿ ಚಂದ್ರಿಕೆಯ ಮೂಲೆಯಲ್ಲಿ ಕೆಲವು ಗೂಡು ಬಿಡಿಸದೆ ಉಳಿದುಹೋದವು. ಒಂದು ಬೆಳಿಗ್ಗೆ ನೋಡಿದರೆ ಚಿಟ್ಟೆಗಳು! ಬೆಣ್ಣೆ ಬಣ್ಣ, ಬಾಚಣಿಗೆಯಂಥ ಮೀಸೆ, ಹಾರಲಾಗದ ಮೋಟು ರೆಕ್ಕೆ. ಗಂಡು ರೆಕ್ಕೆ ಬಡಿಯುತ್ತ ಹೆಣ್ಣಿನ ಸುತ್ತ ತಿರುಗುತ್ತಿತ್ತು. ಅವ್ವ ಓಡಿಹೋಗಿ ಎಳೆ ಸೊಪ್ಪು ತಂದು ಮುಂದಿಟ್ಟಳು.

ಅಪ್ಪ ನಕ್ಕ. "ಅದು ಏನೂ ತಿನ್ನಕಿಲ್ಲ ಕಣಮ್ಮಿ. ಯಾರ್ಗೆ ಇಕ್ಕಿಯೆ?"

"ಉಳವಾಗಿದ್ದಾಗ ಒತ್ತೊತ್ಗೂ ತಿಂತಿತ್ತು. ಈಗ ಬ್ಯಾಡ ಅಂದೇಟ್ಗೆ ಬುಟ್ಬುಡದಾ?" ಎಂದಳು ಅವ್ವ.

ಹೆಣ್ಣು ಚಿಟ್ಟೆ ಆ ಸೊಪ್ಪಿನ ಮೇಲೆ ಓಡಾಡಿ ಮೊಟ್ಟೆಯಿಟ್ಟಿತೇ ಹೊರತು ಬಾಯಿ ಹಾಕಲಿಲ್ಲ. ಅವ್ವ ಮಾತ್ರ ಬಾಡಿದ್ದು ತೆಗೆದು ಹೊಸದು ಇಡುತ್ತಲೇ ಇದ್ದಳು. ಕೊನೆಯ ಚಿಟ್ಟೆಯೂ ಅಲುಗದಾದ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಒಟ್ಟೆ ತುಂಬ್ಸ್ಕೊಂಡೇ ಬಂದಿತ್ತು ಕಣ್ಲಾ. ನಂಗೇ ಗೊತ್ತಾಗ್ನಿಲ್ಲ," ಎಂದಳು.

ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನಾನು ಗಂಜಿಯ ಚಮಚ ಹಿಡಿದಾಗ ಅವ್ವ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಸಾಕು ಮಗ" ಅಂದಿದ್ದಳು. ಅದು ಕಾಯಿಲೆ ಆಡಿಸಿದ ಮಾತೆಂದೇ ತಿಳಿದಿದ್ದೆ. ಬಸ್ಸಿನಲ್ಲಿ ಕೂತು ಯೋಚಿಸಿದರೆ, ಆ ದನಿಯಲ್ಲಿ ನೋವಿರಲಿಲ್ಲ. ಊಟ ಮುಗಿಸಿ ಎದ್ದವಳ ದನಿ ಅದು.

ಅಕ್ಕನ ಮನೆಯಲ್ಲಿ ಉಣ್ಣಲು ಕೂತೆ. ಮುದ್ದೆ ಮುಗಿಯಿತು. ಇನ್ನರ್ಧ ಹಾಕು ಅಂದೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಇಡೀ ಮುದ್ದೆಯನ್ನೇ ಹಾಕಿದಳು.