ಅಂಗಳದ ಮೇಲೆ ಹಾದ ಹಳಿ

ದೆವ್ವ, ಅಶರೀರವಾಣಿ ಎಂದೆಲ್ಲ ಯಾರಾದರೂ ಶುರು ಮಾಡಿದರೆ ಚಹಾದ ಲೋಟ ಹಿಡಿದು ಎದ್ದುಹೋಗುವ ಜಾತಿ ನನ್ನದು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಕಾಡು, ಸುರಂಗಗಳಲ್ಲಿ ಒಬ್ಬನೇ ಕುಳಿತು ಆಯುಷ್ಯ ಕಳೆದವನು. ಎಲ್ಲಿಯೂ ಏನೂ ಕಂಡದ್ದಿಲ್ಲ. ಆದರೂ ಈ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಡಲಾರೆ. ಅದು ನಡೆದದ್ದೂ ಹಾಡಹಗಲಲ್ಲೇ.

ಕಾಪು ಕಡೆ ಮುಖ್ಯ ಹಳಿಯಿಂದ ಕವಲೊಡೆದು, ಕಲ್ಲಿದ್ದಲು ಸಾಗಿಸಲೆಂದೇ ಹಾಕಿದ ಪುಟ್ಟ ಮಾರ್ಗವೊಂದಿದೆ. ಹಿಂದೆ ಅಲ್ಲಿ ಗದ್ದೆಗಳು, ಮನೆಯಂಗಳಗಳು ಇದ್ದವಂತೆ. ಗಾಡಿ ಬರುವುದು ಅಪರೂಪ. ಬಂದಾಗ ಎಂಜಿನ್ ಹಿಂದಿನಿಂದ ನೂಕುತ್ತದೆ. ಎಲ್ಲಕ್ಕಿಂತ ಮುಂದಿನ ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ನಿಂತ ಗಾರ್ಡ್ ದಾರಿ ನೋಡಿ ವಾಕಿಟಾಕಿಯಲ್ಲಿ ಹೇಳಬೇಕು. ಎಲ್ಲೋ ಹಿಂದಿರುವ ಡ್ರೈವರನಿಗೆ ಆ ಮಾತೇ ಕಣ್ಣು.

ಅಂದಿನ ಡ್ರೈವರ್ ರತ್ನಾಗಿರಿಯವನು. ಕನ್ನಡ ಅಷ್ಟಕ್ಕಷ್ಟೆ, ತುಳುವಿನ ಗಂಧವಿಲ್ಲ. ನಡುಮಧ್ಯಾಹ್ನ, ತಿರುವಿಗೆ ಸ್ವಲ್ಪ ಮೊದಲು ಗಾಡಿ ನಿಂತುಬಿಟ್ಟಿತು. ನಾನು ಬಾಯಿಯೇ ತೆರೆದಿರಲಿಲ್ಲ.

"ಎಂತ ಮಾರಾಯ, ಯಾಕೆ ನಿಲ್ಲಿಸಿದ್ದು?" ಎಂದು ವಾಕಿಟಾಕಿಯಲ್ಲಿ ರೇಗಿದೆ.

"ಸೆಟ್‌ನಲ್ಲಿ ಯಾರೋ ಹೆಂಗಸು ಮಾತಾಡಿದ್ರು ಸಾಬ್. ಅರ್ಥ ಆಗ್ಲಿಲ್ಲ, ಅದಕ್ಕೇ ನಿಲ್ಸಿದೆ. 'ಉಂತುಲೆ' ಅಂದ್ರೆ ಏನು?"

ತುಳುವಿನಲ್ಲಿ ಹಾಗೆಂದರೆ 'ನಿಲ್ಲಿ'. ನನ್ನ ಸೆಟ್ಟಿನಲ್ಲಂತೂ ಏನೂ ಕೇಳಿಸಿರಲಿಲ್ಲ.

ಗೊಣಗುತ್ತಲೇ ಇಳಿದು ತಿರುವಿನಾಚೆ ನಡೆದೆ. ಹಳಿಗಳ ನಡುವೆ ಚಾಪೆ ಹಾಸಿ, ನಮಗೆ ಬೆನ್ನು ಮಾಡಿ ಕುಳಿತ ಅಜ್ಜಿಯೊಬ್ಬರು ಹಲಸಿನ ಹಪ್ಪಳ ಹರವುತ್ತಿದ್ದರು. ಕೂಗಿದೆ, ತಿರುಗಲಿಲ್ಲ. ಅವರಿಗೆ ಕಿವಿ ಒಂದಿಷ್ಟೂ ಕೇಳಿಸದೆಂದು ಆಮೇಲೆ ತಿಳಿಯಿತು. ಗಾಡಿ ತಿರುವು ದಾಟಿದ್ದರೆ ಯಾವ ಬ್ರೇಕೂ ಅವರನ್ನು ಉಳಿಸುತ್ತಿರಲಿಲ್ಲ.

ಭುಜ ಮುಟ್ಟಿದೆ. ಬೆಚ್ಚಿಬಿದ್ದವರು ಮರುಕ್ಷಣವೇ ಬೈಯತೊಡಗಿದರು. "ಇದು ನನ್ನ ಅಂಗಳ ಆಗಿತ್ತು ಗೊತ್ತುಂಟಾ? ಇಲ್ಲಿಯ ಹಾಗೆ ಬಿಸಿಲು ಬೇರೆ ಎಲ್ಲುಂಟು?"

ಡ್ರೈವರನಿಗೆ ವಿಷಯ ತಿಳಿಸಲು ವಾಕಿಟಾಕಿಯ ಗುಂಡಿ ಒತ್ತಿ, ಇನ್ನೊಂದು ಕೈಯಿಂದ ಅವರನ್ನು ಎಬ್ಬಿಸಹೋದೆ. ನನ್ನ ಬೂಟು ಹಪ್ಪಳದ ಮೇಲೆ ಬೀಳುವುದರಲ್ಲಿತ್ತು. ಅಜ್ಜಿ ಕೈಯೆತ್ತಿ ಕಿರುಚಿದರು: "ಉಂತುಲೆ!"

ಒತ್ತಿಯೇ ಇದ್ದ ಗುಂಡಿ ಬಿಟ್ಟೆ. ಕರಕರ ಸದ್ದಿನ ನಡುವೆ ಡ್ರೈವರನ ದನಿ: "ಸಾಬ್... ಇದೇ ಮಾತು. ಇದೇ ಧ್ವನಿ."

ಮಲ್ಪೆಯ ಗೆಳೆಯನೊಬ್ಬ, ಕಡಲಿನ ಬೋಟುಗಳ ವೈರ್‌ಲೆಸ್ ಮಾತು ತಪ್ಪಿ ಬಂದಿರಬೇಕು ಎಂದ. ಆದರೆ ಬೋಟಿನಲ್ಲಿ ಹೆಂಗಸರು ಎಲ್ಲಿಂದ? ಅದೂ ಈ ಅಜ್ಜಿಯದೇ ದನಿ, ಅವರು ಬಾಯಿ ತೆರೆಯುವ ಮೊದಲೇ? ಸೆಟ್ಟು ರಿಪೇರಿ ಮಾಡುವವರನ್ನೂ ಕೇಳಿದೆ, ನಕ್ಕರು. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಈಗಲೂ ಕಾಪು ಪೇಟೆಯಲ್ಲಿ ಸಿಕ್ಕರೆ ಅಜ್ಜಿ ನನ್ನ ಕೈ ಹಿಡಿದುಕೊಳ್ಳುತ್ತಾರೆ. "ನನ್ನನ್ನು ಉಳಿಸಿದ್ದು ನೀನೇ ಮಗಾ" ಎಂದು ಹಪ್ಪಳದ ಕಟ್ಟು ಕೊಡುತ್ತಾರೆ. "ನಾನಲ್ಲ ಅಮ್ಮಾ, ನೀವೇ" ಎಂದು ಒಂದೆರಡು ಸಲ ಹೇಳಿಯೂ ನೋಡಿದೆ.

ಅವರಿಗೆ ಕೇಳಿಸಲಿಲ್ಲ.