ಹೊಲಿಗೆ ನೋಡಲು ಬರುವ ದುರ್ಗಪ್ಪ

ಉಗರಗೋಳದಲ್ಲಿ ಯಾರಿಗೆ ಆಪರೇಷನ್ ಆದರೂ ಕೃಷ್ಣವ್ವನ ಮೈದುನ ದುರ್ಗಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಹೊಲಿಗೆ ನೋಡಲು ಹಾಜರಾಗುತ್ತಾನೆ. ಹೇಗಿದ್ದೀರೆಂದು ಕೇಳುವ ಮೊದಲೇ ಅಂಗಿಯೆತ್ತಿ ತನ್ನ ಹೊಟ್ಟೆಯ ಹಳೆಯ ಗಾಯ ತೋರಿಸಿ, "ಆಪರೇಷನ್ ಅಂದ್ರ ಇದು" ಅನ್ನುತ್ತಾನೆ. ಗಾಯ ಗಿಡ್ಡವಾದಷ್ಟೂ ಡಾಕ್ಟರು ಅವನ ಲೆಕ್ಕದಲ್ಲಿ ದಡ್ಡ. ಕುಡಿದ ಹಾಲನ್ನೆಲ್ಲ ಕಕ್ಕುತ್ತ, ಹೊಟ್ಟೆಯ ಹುಳಿ ಗಂಟಲಿಗೇರಿ ಸೊರಗಿದ್ದ ಕೃಷ್ಣವ್ವನ ಮೊಮ್ಮಗಳಿಗೆ ಔಷಧ ನಾಟದೆ ಸಣ್ಣ ತೂತು ಕೊರೆದು ಮಾಡುವ ದುರ್ಬೀನಿನ ಆಪರೇಷನ್ ಆದಾಗಲೂ ಬಂದ. "ಏನ್ರಿ ವೈನಿ, ಸೊಳ್ಳಿ ಕಡದಂಗ ಐತಲ್ಲ! ಇಷ್ಟಕ್ಕ ಬೆಳಗಾವಿತನಕಾ ಹೋಗಿದ್ರೇನು?" "ನಿನ್ನಷ್ಟ ಉದ್ದ ಕೊಯ್ದಿದ್ರ ಕೂಸಿನ ಬೆನ್ನಿಗೇ ಬಂದು ಮುಟ್ಟತಿತ್ತಪಾ" ಅಂದಳು ಕೃಷ್ಣವ್ವ. ಅಂಗಿ ಕೆಡುತ್ತದೆಂದು ಅದುವರೆಗೆ ಒಮ್ಮೆಯೂ ಕೂಸನ್ನು ಎತ್ತಿಕೊಳ್ಳದವನ ಹೆಗಲಿಗೆ, ಆಗಷ್ಟೇ ಹಾಲು ಕುಡಿದ ಅದನ್ನು ಬೇಕೆಂದೇ ಹಾಕಿದಳು. ದುರ್ಗಪ್ಪ ಕಣ್ಣು ಮುಚ್ಚಿ ಕಲ್ಲಿನಂತೆ ನಿಂತ. ತುಸು ಹೊತ್ತಿಗೆ ಹೆಗಲು ಮುಟ್ಟಿ ನೋಡಿಕೊಂಡ. ಅಂಗಿ ಒಣಗಿಯೇ ಇತ್ತು. ಮತ್ತೆ ಮುಟ್ಟಿದ. "ಹಾಲು ಒಳಗ ನಿಂತೈತ್ರಿ ವೈನಿ" ಎಂದ. ಕೃಷ್ಣವ್ವ ಕೂಸನ್ನು ವಾಪಸ್ ಕೇಳಿದರೆ, "ಇರ್ಲಿ ಬಿಡ್ರಿ, ಅಂಗಿ ಕೆಟ್ರ ಒಗದ್ರಾತು" ಎಂದು ಮುಖ ಆಚೆ ತಿರುಗಿಸಿದ.