ಸಿಲಿಂಡರ್ ಬ್ಯಾಡ್ರಿ

ಅಂಡಮಾನಿನ ದ್ವೀಪಗಳ ನಡುವೆ ತಿರುಗುವ ಒಂದು ಬೋಟಿನಲ್ಲಿ ನಾನು ಅಡುಗೆಯವನಾಗಿದ್ದೆ. ಬಂದವರೆಲ್ಲ ವಾರಗಟ್ಟಲೆ ಬೋಟಿನಲ್ಲೇ ಇದ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡುವವರು. ಅವರಲ್ಲೊಬ್ಬ ಬೆಂಗಳೂರಿನವ, ಮುಳುಗಿದ ಹಡಗು ನೋಡಿಬಂದ ಖುಷಿಯಲ್ಲಿ, ಅಡುಗೆಕೋಣೆಗೆ ಬಂದು ಚಹಾ ಕೇಳಿದ.

“ನಿಮ್ಮೂರು ಯಾವುದು?”

“ಬೀಳಗಿ ಬಾಜೂಕ ಒಂದ ಹಳ್ಳಿರಿ. ಆಲಮಟ್ಟಿ ಹಿನ್ನೀರಾಗ ಮುಳುಗೇತಿ.”

ಅಯ್ಯೋ ಪಾಪ ಅನ್ನುತ್ತಾನೆ ಅಂದುಕೊಂಡೆ. ಅವನ ಕಣ್ಣು ಅರಳಿದವು.

“ಇಡೀ ಊರು ನೀರೊಳಗಿದೆಯಾ? ಸೂಪರ್! ನೀರು ತಿಳಿ ಇದೆಯಾ? ಮನೆಗಳು ಕಾಣುತ್ವಾ? ನಮ್ಮ ಗ್ಯಾಂಗ್ ಕರ್ಕೊಂಡು ಬರ್ತೀನಿ, ನೀವೇ ಗೈಡು.”

ನನ್ನ ಕೈಯಲ್ಲಿ ಕುದಿಯುವ ಚಹಾ ಇತ್ತು. ಅದನ್ನು ಅವನ ಮೇಲೆ ಸುರುವದೆ ಕೆಳಗಿಟ್ಟದ್ದು ಅವನ ಪುಣ್ಯ.

“ಬಾಗಲಾ, ತೊಲಿ ಎಲ್ಲಾ ಕಿತ್ತು ಚಕ್ಕಡ್ಯಾಗ ಹೇರ್ಕೊಂಡ ಬಂದೀವ್ರಿ. ಉಳದದ್ದು ಬರೇ ತಳಪಾಯ. ಬ್ಯಾಸಗ್ಯಾಗ ನೀರ ಇಳದ್ರ ನಮ್ಮವ್ವ ಅಲ್ಲಿ ತನಕಾ ನಡಕೋತ ಹೋಗ್ತಾಳ. ಗ್ವಾಡಿ ಇಲ್ಲ, ಮಾಳಗಿ ಇಲ್ಲ, ಎಲ್ಲಾ ರಾಡಿ. ಆದ್ರೂ ಬಾಗಲಾ ಇದ್ದ ಜಾಗಾದಾಗ ಚಪ್ಪಲಿ ಬಿಟ್ಟ ಒಳಗ ಕಾಲಿಡ್ತಾಳ. ನೀವೂ ಬರ್ರಿ. ಸಿಲಿಂಡರ್ ಬ್ಯಾಡ್ರಿ, ಚಪ್ಪಲಿ ಹೊರಗ ಬಿಟ್ಟ ಬರ್ರಿ!”

ಅವನು ತಲೆ ತಗ್ಗಿಸಿ ತನ್ನ ಕಾಲು ನೋಡಿಕೊಂಡ. ಬರಿಗಾಲಲ್ಲೇ ಇದ್ದ. ಬೋಟು ಹತ್ತುವಾಗಲೇ ಎಲ್ಲರ ಚಪ್ಪಲಿ ಬುಟ್ಟಿಗೆ ಹಾಕಿಸುತ್ತಿದ್ದೆವು. ಬೋಟಿನ ಸಾಹುಕಾರರ ಮರದ ನೆಲಕ್ಕೆ ಒಂದು ಗೀರೂ ಬೀಳಬಾರದು ನೋಡ್ರಿ.